ಕಾಣೆಮ್ಮನಿಗೊಂದು ಮನೆ

ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುವುದು ನಮ್ಮ ನಾಲ್ವರ ಹಳೇ ವ್ರತ. ನಾನು, ಸೀನ, ಮೇಷ್ಟ್ರು, ಅಡಿಕೆ ಮಂಡಿಯ ಗುಂಡಣ್ಣ. ಇಡ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ. ಗಲ್ಲಾದಲ್ಲಿ ಕೂರುವ ಯಜಮಾನರು ಮಾತ್ರ ತುಟಿ ಬಿಚ್ಚುವುದಿಲ್ಲ. ಬಿಲ್ಲು ಎಷ್ಟಾಯಿತು ಅಂದರೂ ಬೆರಳಲ್ಲೇ ತೋರಿಸುತ್ತಾರೆ.

ಅವತ್ತು ನಾನು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟೆ. "ಯಾರಿಗಾದರೂ ಬೆಕ್ಕು ಬೇಕಾ ನೋಡ್ರಪ್ಪ."

ಸೀನ ಬೆಣ್ಣೆ ಕೈಯಲ್ಲೇ ಫೋಟೊ ಹಿಗ್ಗಿಸಿ ನೋಡಿದ. "ಬೆಕ್ಕೆಲ್ಲಿದೆಯೋ? ಇದು ಬೀರು."

"ಬೀರುವಿನ ಅಡಿ ಎರಡು ಹಳದಿ ಚುಕ್ಕೆ ಇದೆಯಲ್ಲ, ಅದೇ."

ನಮ್ಮ ಅತ್ತಿಗೆ ಬೀದಿ ಬೆಕ್ಕುಗಳ ಆಶ್ರಯವೊಂದಕ್ಕೆ ಹೋಗಿ ಕೆಲಸ ಮಾಡಿಕೊಡುತ್ತಾರೆ. ಅಲ್ಲಿ ಬಂದ ಬೆಕ್ಕೆಲ್ಲ ಯಾರದೋ ಮನೆ ಸೇರುತ್ತವೆ. ಮೂರು ಬಣ್ಣದ ಇದೊಂದು ಎಂಟು ತಿಂಗಳಿಂದ ಉಳಿದಿದೆ. ಬಂದವರಿಗೆ ಕಂಡರೆ ತಾನೇ ಒಯ್ಯುವುದು? ಅದಕ್ಕೇ ಅಲ್ಲಿನವರು ಕಾಣೆಮ್ಮ ಅಂತ ಹೆಸರಿಟ್ಟಿದ್ದಾರೆ.

"ಊರಾಚೆ ಗುಡಿಯ ದೇವತೆ ಹೆಸರಿದ್ದ ಹಾಗಿದೆ," ಎಂದು ಗುಂಡಣ್ಣ ಫೋಟೊಗೆ ಕೈ ಮುಗಿದ.

"ಯಾರಿಗೂ ಕಾಣದೇ ಇರೋದು ಹೆಣ್ಣು ಅಂತ ಹೇಗೆ ಗೊತ್ತಾಯಿತು?" ಸೀನನ ಪಾಟೀಸವಾಲು.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ಪಾಠ ಶುರು ಅಂತ ಅರ್ಥ. "ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಇದ್ದರೆ ಸಾಮಾನ್ಯವಾಗಿ ಹೆಣ್ಣೇ. ಕೆಂಚು ಬಣ್ಣದ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಕೆಂಚೂ ಕಪ್ಪೂ ಒಟ್ಟಿಗೆ ಬರಬೇಕಾದರೆ ಎಕ್ಸ್ ಎರಡಿರಬೇಕು." ನಾನು ಅಡ್ಡ ಬಾಯಿ ಹಾಕಿ, ಮಕ್ಕಳಾಗದ ಆಪರೇಷನ್ ಮಾಡುವಾಗ ಡಾಕ್ಟರೇ ನೋಡಿದ್ದಾರೆ ಅಂದೆ. ಮೇಷ್ಟ್ರಿಗೆ ಬೇಜಾರಾಯಿತು. ಪಾಠ ಇನ್ನೂ ಬಾಕಿ ಇತ್ತು.

"ನನ್ನ ಮಂಡಿಗೆ ಕೊಟ್ಟುಬಿಡಿ," ಅಂದ ಗುಂಡಣ್ಣ. "ಗೋಡೌನ್ ತುಂಬಾ ಇಲಿ."

"ಇಲಿ ಬಂದರೆ ಅದೂ ಇಲಿ ಜೊತೆ ಬಚ್ಚಿಟ್ಟುಕೊಳ್ಳುತ್ತೆ. ಸಾಲದ್ದಕ್ಕೆ ಹಮಾಲರ ಕೂಗಾಟ, ಲಾರಿ ಹಾರನ್, ಮೇಲೆ ನಿನ್ನ ನಗು," ಅಂದೆ ನಾನು. ಮೇಷ್ಟ್ರು ತಕ್ಷಣ ಸೇರಿಸಿದರು, "ನಮ್ಮ ಕಿವಿ 20 ಸಾವಿರ ಹರ್ಟ್ಸ್‌ಗೇ ನಿಂತುಬಿಡುತ್ತದೆ. ಬೆಕ್ಕಿನ ಕಿವಿ 60 ಸಾವಿರ ದಾಟುತ್ತದೆ. ನಿನ್ನ ನಗು ನಮಗೇ ಹೀಗೆ ಅಂದರೆ..."

ಗುಂಡಣ್ಣ ಇದಕ್ಕೂ ನಕ್ಕ. ಪಕ್ಕದ ಮೇಜಿನ ಮಗು ಅತ್ತಿತು.

"ಒಂದು ಬಟ್ಟಲು ಹಾಲಿಡಿ, ತಾನಾಗಿ ಬರುತ್ತೆ," ಅಂದ ಸೀನ.

"ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಮರೆತೆಯಾ? ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಇದಕ್ಕೂ ಯಾರೋ ಬಿಸಿ ಹಾಲು ಇಟ್ಟಿದ್ದಾರೆ," ಅಂದರು ಮೇಷ್ಟ್ರು.

ಯಾರೂ ಇಟ್ಟಿಲ್ಲ, ಅದೇ ತೊಂದರೆ. ಬೆಕ್ಕಿನ ಮರಿಗೆ ಸುಮಾರು 2ರಿಂದ 7 ವಾರದ ಒಳಗೆ ಮನುಷ್ಯರ ಕೈ, ಮಾತು, ವಾಸನೆ ಅಭ್ಯಾಸವಾಗಬೇಕು. ಇದು ಆ ವಯಸ್ಸಿನಲ್ಲಿ ಕೆಟ್ಟು ನಿಂತ ಲಾರಿ ಅಡಿಯಲ್ಲಿ ಬೆಳೆಯಿತು. ಮನುಷ್ಯ ಅಂದರೆ ಅದರ ಲೆಕ್ಕದಲ್ಲಿ ಬರೀ ಕಾಲು, ಅದೂ ಚಪ್ಪಲಿ ಹಾಕಿದ್ದು. ಅಂದಹಾಗೆ, ದೊಡ್ಡ ಬೆಕ್ಕುಗಳಲ್ಲಿ ತುಂಬಾ ಬೆಕ್ಕಿಗೆ ಹಸುವಿನ ಹಾಲು ಅರಗುವುದೇ ಇಲ್ಲ, ಭೇದಿ ಹತ್ತಿಕೊಳ್ಳುತ್ತದೆ.

ಒಂದು ಸಲ ಮನೆ ಸಿಕ್ಕಿತ್ತು. ಮಂಡಿಪೇಟೆ ಕಡೆಯ ಕೂಡು ಕುಟುಂಬ. ಮೂರು ಮಕ್ಕಳು, ಎರಡು ಟಿವಿ, ಹೊತ್ತು ಹೊತ್ತಿಗೆ ಮಿಕ್ಸಿ. ಕಾಣೆಮ್ಮ ಎರಡು ದಿನ ಫ್ರಿಜ್ ಹಿಂದೆ ಸೇರಿಕೊಂಡಳು. ಮೂರನೇ ದಿನ ದೊಡ್ಡ ಹುಡುಗ ಸಂದಿಯಲ್ಲಿ ಕೈ ಹಾಕಿ ಎಳೆಯಲು ಹೋಗಿ ಪರಚಿಸಿಕೊಂಡ. ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು, ಮೊದಲ ದಿನ ರೇಬೀಸ್ ಸೂಜಿ, ಆಮೇಲೆ 3, 7, 28ನೇ ದಿನ ಸೂಜಿ. ಹುಡುಗನಿಗಿಂತ ಅವನ ಅಜ್ಜಿ ಜಾಸ್ತಿ ಅತ್ತರು. ಸಂಜೆಗೆ ಬೆಕ್ಕು ವಾಪಸ್ಸು. "ಪೀಸ್ ಸರಿ ಇಲ್ಲ, ಬೇರೆ ಕೊಡಿ," ಅಂದರಂತೆ.

"ಜಾಹೀರಾತು ಸರಿ ಇಲ್ಲ," ಎಂದು ಸೀನ ಟಿಶ್ಯೂ ಕಾಗದದ ಮೇಲೆ ಬರೆಯಲು ಶುರು ಮಾಡಿದ. 'ಮುದ್ದಾದ, ಸಂಸ್ಕಾರವಂತ, ಎಲ್ಲರೊಂದಿಗೆ ಬೆರೆಯುವ...'

"ಹೀಗೆ ಬರೆಸಿಯೇ ನಿನ್ನ ಮದುವೆ ಆಗಿದ್ದು. ನಿನ್ನ ಹೆಂಡತಿ ಇವತ್ತಿಗೂ ಆ ಕಾಗದ ಇಟ್ಟುಕೊಂಡಿದ್ದಾಳೆ," ಎಂದು ಮೇಷ್ಟ್ರು ಕಾಗದ ಕಿತ್ತುಕೊಂಡರು. ಅವರು ಬರೆದದ್ದು ಇಷ್ಟು: 'ಮುಟ್ಟಲು ಬಿಡುವುದಿಲ್ಲ. ಎತ್ತಿಕೊಳ್ಳುವಂತಿಲ್ಲ. ಮೊದಲ ವಾರ ಕಾಣಿಸುವುದೂ ಇಲ್ಲ. ಒಂದು ಕೋಣೆ ಬಾಡಿಗೆಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಬಾಡಿಗೆ ಬರುವುದಿಲ್ಲ.'

ನನಗೆ ಇದೇ ಸರಿ ಅನ್ನಿಸಿತು. ಸುಳ್ಳು ಹೇಳಿ ಸಾಗಹಾಕಿದರೆ ಮತ್ತೆ ಫ್ರಿಜ್ ಹಿಂದೆಯೇ ಅಲ್ವಾ? ಅತ್ತಿಗೆ ಹೇಳಿಕೊಟ್ಟದ್ದನ್ನೂ ಒಪ್ಪಿಸಿದೆ. ಮೊದಲು ಒಂದೇ ಸಣ್ಣ ಕೋಣೆ, ಕಿಟಕಿಗೆ ಜಾಲರಿ. ಎರಡು ತೂತು ಕೊರೆದ ರಟ್ಟಿನ ಡಬ್ಬ. ಮರಳಿನ ಟ್ರೇ ಒಂದು ಮೂಲೆಗೆ, ಊಟ ಇನ್ನೊಂದು ಮೂಲೆಗೆ, ದಿನಾ ಅದೇ ಹೊತ್ತಿಗೆ. ಸುಮ್ನೆ ನೆಲದ ಮೇಲೆ ಕೂತು ಪೇಪರ್ ಓದಬೇಕು. ದಿಟ್ಟಿಸಿ ನೋಡಬಾರದು. ಅಕಸ್ಮಾತ್ ಕಣ್ಣಿಗೆ ಕಣ್ಣು ಸಿಕ್ಕಿದರೆ ನಿಧಾನವಾಗಿ ಮುಚ್ಚಿ ತೆರೆಯಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಹಾಗೆ ಮಾಡಿದವರಿಗೆ ಬೆಕ್ಕುಗಳೂ ತಿರುಗಿ ಕಣ್ಣು ಕಿರಿದು ಮಾಡಿದವು, ಗುರುತಿಲ್ಲದವರ ಹತ್ತಿರಕ್ಕೂ ಬಂದವು.

ಸೀನ ಅಲ್ಲೇ ಅಭ್ಯಾಸ ಶುರು ಮಾಡಿದ. ಎದುರು ಮೇಜಿನ ಹೆಂಗಸು ಚಟ್ನಿ ಬಿಟ್ಟು ಎದ್ದು ನಿಂತರು.

"ಎರಡೂ ಕಣ್ಣು ಮುಚ್ಚೋ! ಒಂದೇ ಮುಚ್ಚಿದರೆ ಬೆಕ್ಕು ಬರಲ್ಲ, ಪೊಲೀಸರು ಬರುತ್ತಾರೆ!" ಎಂದು ಮೇಷ್ಟ್ರು ಅವನ ತಲೆ ತಗ್ಗಿಸಿದರು.

ಈ ಗಲಾಟೆಯಲ್ಲಿ ಗಲ್ಲಾದ ಯಜಮಾನರು ಎದ್ದು ನಮ್ಮ ಕಡೆ ಬಂದರು. ಬೈಯುತ್ತಾರೆ ಅಂದುಕೊಂಡೆವು. ಟಿಶ್ಯೂ ಕಾಗದ ಎತ್ತಿ ಎರಡು ಸಲ ಓದಿದರು.

"ಮನೆ ಮಾಳಿಗೆ ಮೇಲೆ ಒಂದು ಕೋಣೆ ಇದೆ. ಒಬ್ಬನೇ ಇರೋದು." ಇಷ್ಟು ವರ್ಷದಲ್ಲಿ ನಾವು ಕೇಳಿದ ಅವರ ಮೊದಲ ಮಾತು. ಸ್ವಲ್ಪ ತಡೆದು ಎರಡನೆಯದನ್ನೂ ಹೇಳಿದರು. "ನೀವು ನಾಲ್ವರೂ ನೋಡೋಕೆ ಬರಬಾರದು."

ಒಪ್ಪಿಕೊಂಡೆವು. ಅತ್ತಿಗೆ ಹೋಗಿ ಬಿಟ್ಟುಬಂದರು. ನಮಗೆ ಸುದ್ದಿ ಹೇಗೆ ತಿಳಿಯಬೇಕು? ಕೇಳಿದರೆ ಅವರು ಬೆರಳೂ ಎತ್ತುವುದಿಲ್ಲ. ಉಪಾಯ ಕಂಡುಹಿಡಿದದ್ದು ಸೀನ. ಅವರದು ಬಿಳಿ ಪಂಚೆ. ಬಿಲ್ಲು ಕೊಡುವಾಗ ಒಬ್ಬ ಬೇಕೆಂದೇ ಚಿಲ್ಲರೆ ಬೀಳಿಸುತ್ತಾನೆ, ಇನ್ನೊಬ್ಬ ಬಗ್ಗಿ ನೋಡುತ್ತಾನೆ. ಮೂರು ವಾರ ಏನೂ ಇರಲಿಲ್ಲ. ಐದನೇ ವಾರ ಪಂಚೆಯ ಅಂಚಿನಲ್ಲಿ ಎರಡು ಕೆಂಚು ಕೂದಲು. ಎರಡು ತಿಂಗಳಾಗುವ ಹೊತ್ತಿಗೆ ಮೊಣಕಾಲಿನ ಹತ್ತಿರ ಕಪ್ಪು ಕೂದಲು.

"ಇಡ್ಲಿಯಲ್ಲಿ ಬಂದಿಲ್ಲ ತಾನೇ?" ಅಂದ ಗುಂಡಣ್ಣ. ನಾವು ಮೂವರೂ ಅವನ ಬಾಯಿ ಮುಚ್ಚಿಸಿದೆವು.

ಹೋದ ಭಾನುವಾರ ಚಿಲ್ಲರೆ ಬೀಳಿಸುವ ಕೆಲಸವೇ ಬೀಳಲಿಲ್ಲ. ಯಜಮಾನರು ಗಲ್ಲಾದಿಂದ ಎದ್ದರು. ತೊಡೆಯ ಮೇಲೆ, ಪಂಚೆಯ ತುಂಬ, ಕೂದಲೇ ಕೂದಲು. ಬಿಳಿ ಪಂಚೆಯಾದ್ದರಿಂದ ಎರಡು ಬಣ್ಣ ಮಾತ್ರ ಕಂಡಿತು.