ಅಪ್‌ಡೇಟ್: ಪಾಪುಗೆ ಹುಟ್ಟುವಾಗಲೇ ಇದ್ದ ಹಲ್ಲು

ಪಾಪು ಹುಟ್ಟುವಾಗಲೇ ಕೆಳಗಿನ ವಸಡಲ್ಲಿ ಎರಡು ಹಲ್ಲಿದೆ, ಅದು ನಿಜವಾದ ಹಲ್ಲೇನಾ, ಕೀಳಿಸ್ಬೇಕಾ ಅಂತ ಕೇಳಿದ್ನಲ್ಲ, ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸ್ಕೊಂಡು ಬಂದ್ವಿ. ಎಕ್ಸ್‌ರೇ ನೋಡಿ ಹೇಳಿದ್ರು, ಇವು ಎಕ್ಸ್‌ಟ್ರಾ ಹಲ್ಲಲ್ಲ, 6 ತಿಂಗಳ ಸುಮಾರಿಗೆ ಬರಬೇಕಿದ್ದ ಹಾಲುಹಲ್ಲುಗಳೇ ಬೇಗ ಬಂದಿರೋದು, ಹುಟ್ಟುವಾಗಲೇ ಹಲ್ಲಿರೋ ಹೆಚ್ಚಿನ ಮಕ್ಕಳಲ್ಲಿ ಹೀಗೇ ಅಂತೆ. ಕಿತ್ರೆ ಆ ಜಾಗಕ್ಕೆ ಇನ್ನೊಂದು ಹಾಲುಹಲ್ಲು ಬರಲ್ಲ, 6-7 ವರ್ಷಕ್ಕೆ ಶಾಶ್ವತ ಹಲ್ಲು ಬರೋವರೆಗೂ ಖಾಲಿನೇ, ಹಾಗಾಗಿ ಸದ್ಯಕ್ಕೆ ಕೀಳಿಸ್ತಿಲ್ಲ.

ಇಂಥ ಹಲ್ಲಿನ ಒಳಗಡೆ ಏನಿರತ್ತೆ ಅಂತ ತುಂಬಾ ಜನ ಕೇಳಿದ್ರಿ. ಎನಾಮೆಲ್ (ಹೊರಗಿನ ಗಟ್ಟಿ ಪದರ), ಡೆಂಟಿನ್ (ಅದರ ಕೆಳಗಿನ ಪದರ), ಪಲ್ಪ್ (ನರ, ರಕ್ತನಾಳ ಇರೋ ಒಳಗಿನ ಮೆತ್ತನೆ ಭಾಗ) ಎಲ್ಲಾ ಇರತ್ತೆ, ಆದ್ರೆ ಎನಾಮೆಲ್ ಪೂರ್ತಿ ಬಲಿಯೋಕೆ ಮುಂಚೆನೇ ಹಲ್ಲು ಹೊರಗೆ ಬಂದಿರೋದ್ರಿಂದ ಅದು ತೆಳು, ಬಣ್ಣ ಹಳದಿ-ಕಂದು, ಬೇಗ ಸವೆಯತ್ತೆ, ಒಳಗಿನ ಪಲ್ಪ್ ಮಾತ್ರ ಅಗಲ. ಮುಖ್ಯ ವಿಷಯ ಬೇರು, ಅದು ಬೆಳೆದೇ ಇರಲ್ಲ ಅಥವಾ ಸ್ವಲ್ಪ ಇರತ್ತೆ, ಹಲ್ಲು ಬರೀ ವಸಡಿಗೆ ಅಂಟ್ಕೊಂಡಂಗೆ ಅಲ್ಲಾಡೋದು ಅದಕ್ಕೇ. ತುಂಬಾ ಸಡಿಲ ಆದ್ರೆ ಕಳಚಿ ಉಸಿರುನಾಳಕ್ಕೆ ಹೋಗೋ ಭಯ ಇರೋದ್ರಿಂದ ಆಗ ತೆಗೀಲೇಬೇಕು, ಅದಕ್ಕೂ ಮುಂಚೆ ವಿಟಮಿನ್ ಕೆ ಕೊಟ್ಟಿದಾರಾ ಅಂತ ಖಚಿತ ಮಾಡ್ಕೋತಾರೆ, ರಕ್ತ ನಿಲ್ಲೋಕೆ ಅದು ಬೇಕು.

ನಮ್ಮದು ಸ್ವಲ್ಪ ಮಾತ್ರ ಅಲ್ಲಾಡ್ತಿದೆ. ಹಾಲು ಕುಡಿಯುವಾಗ ನಾಲಿಗೆ ಅಡಿ ಉಜ್ಜಿ ಹುಣ್ಣಾಗಬಾರದು ಅಂತ ಚೂಪಾದ ಅಂಚನ್ನ ನಯ ಮಾಡಿಕೊಟ್ರು, ಈಗ ಪಾಪು ಅಳದೆ ಕುಡೀತಿದೆ, ಉತ್ತರ ಕೊಟ್ಟ ಎಲ್ರಿಗೂ ಥ್ಯಾಂಕ್ಸ್.