ಡಿಸೆಂಬರ್ ಕೊನೆಗೆ ಕೇದಾರಕಂಠ: ಹಿಮ ತುಳಿಯದ ಐವರಿಗೆ ಏನೇನು ಬೇಕು?

ಹಾದಿಹೋಕ:
ಬೆಂಗಳೂರಿನಿಂದ ನಾವು ಐವರು ಗೆಳೆಯರು ಡಿಸೆಂಬರ್ 26ಕ್ಕೆ ಉತ್ತರಾಖಂಡದ ಸಾಂಕ್ರಿ ಊರು ತಲುಪಿ, ಅಲ್ಲಿಂದ ಕೇದಾರಕಂಠ ಶಿಖರ ಹತ್ತಬೇಕೆಂದಿದ್ದೇವೆ. ಕುಮಾರಪರ್ವತ, ತಡಿಯಂಡಮೋಳ್ ಎಲ್ಲರಿಗೂ ಆಗಿದೆ. ಹಿಮದ ಮೇಲೆ ಮಾತ್ರ ಯಾರೂ ನಡೆದಿಲ್ಲ. ಸಾಂಕ್ರಿಯಿಂದ ಹೊರಟು ನಾಲ್ಕು ದಿನದಲ್ಲಿ ವಾಪಸ್ ಎಂಬುದು ಈಗಿನ ಲೆಕ್ಕ. ಬಟ್ಟೆ, ಶೂ ವಿಷಯದಲ್ಲಿ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ? ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಎಲ್ಲರೂ ತಗೋಬೇಕಾ?

ಬೆಟ್ಟದ ಬುತ್ತಿ:
ದುಡ್ಡು ಮೊದಲು ಕಾಲಿಗೆ, ಆಮೇಲೆ ಮೈಗೆ. ದಪ್ಪ ಜಾಕೆಟ್ ಕೊಂಡುಬಿಟ್ಟರೆ ಚಳಿ ಗೆದ್ದಂತೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಮೈ ತಣ್ಣಗಾಗುವುದು ಹೆಚ್ಚಾಗಿ ಬೆವರಿನಿಂದ. ಏರುವಾಗ ಒಳಬಟ್ಟೆ ಒದ್ದೆಯಾಗುತ್ತದೆ, ಹತ್ತು ನಿಮಿಷ ಕೂತರೆ ಅದೇ ತೇವ ಬೆನ್ನು ಕೊರೆಯುತ್ತದೆ. ಹತ್ತಿ ಬನಿಯನ್, ಜೀನ್ಸ್ ಒಮ್ಮೆ ನೆನೆದರೆ ಅಲ್ಲಿ ಒಣಗುವ ಮಾತೇ ಇಲ್ಲ, ಮನೆಯಲ್ಲೇ ಬಿಡಿ.

ಮೈಗೆ ಅಂಟುವ ಸಿಂಥೆಟಿಕ್ ಅಥವಾ ಉಣ್ಣೆಯ ಥರ್ಮಲ್ ಎರಡು ಜೊತೆ. ಒಂದು ನಡೆಯಲು, ಇನ್ನೊಂದು ಮಲಗಲು ಮಾತ್ರ. ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ತೆಳು ಜಾಕೆಟ್. ಡೌನ್ ಜಾಕೆಟ್ (ಹಕ್ಕಿಯ ಮೃದು ಗರಿ ತುಂಬಿದ್ದು) ಬ್ಯಾಗಿನ ಮೇಲ್ಭಾಗದಲ್ಲೇ ಇರಲಿ, ನಿಂತ ತಕ್ಷಣ ಹಾಕಿಕೊಳ್ಳಲು. ಹೊರಟ ಮೊದಲ ಐದು ನಿಮಿಷ ಸ್ವಲ್ಪ ಚಳಿ ಎನಿಸಬೇಕು. ಬೆಚ್ಚಗೆ ಹೊರಟವರು ಕಾಲು ಗಂಟೆಯಲ್ಲಿ ಬೆವರುತ್ತಾರೆ.

ಶೂ ನಿಮ್ಮ ಅಳತೆಗಿಂತ ಅರ್ಧ ಸೈಜು ದೊಡ್ಡದು, ಕಣಕಾಲು ಮುಚ್ಚುವಂಥದ್ದು. ಬಿಗಿ ಶೂ ಒಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಟ ಕಡಿಮೆಯಾಗಿ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಹೊಸ ಶೂ ಆದರೆ ಹೋಗುವ ಮೊದಲು ಕನಿಷ್ಠ 40 ಕಿ.ಮೀ. ನಡೆದಿರಿ. ಉಗುರು ಕತ್ತರಿಸಿಕೊಳ್ಳಿ, ಇಳಿಯುವಾಗ ಹೆಬ್ಬೆರಳು ಶೂ ಮೂತಿಗೆ ಬಡಿದು ಕಪ್ಪಾಗುವುದು ಮಾಮೂಲು. ಗೇಟರ್ (ಶೂ ಒಳಗೆ ಹಿಮ ಹೋಗದಂತೆ ಮೊಣಕಾಲ ಕೆಳಗೆ ಕಟ್ಟುವ ಕವಚ), ಮೈಕ್ರೋಸ್ಪೈಕ್ (ಜಾರದಂತೆ ಶೂ ಅಡಿಗೆ ಹಾಕುವ ಲೋಹದ ಹಲ್ಲುಗಳು), ಕೋಲು ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಸ್ಪೈಕ್ ತೆಗೆದುಕೊಳ್ಳುವಾಗ ರಬ್ಬರ್ ಎಳೆದು ನೋಡಿ, ಬಿರುಕಿದ್ದರೆ ಬದಲಿಸಿ. ಅದು ಬೇಕಾಗುವುದು ಬೆಳಗಿನ ಗಟ್ಟಿ ಮಂಜುಗಡ್ಡೆಯ ಮೇಲೆ. ಮಧ್ಯಾಹ್ನದ ಮೆತ್ತನೆ ಹಿಮ ಹಲ್ಲಿನ ಕೆಳಗೆ ಉಂಡೆಗಟ್ಟುತ್ತದೆ, ಆಗ ಕೋಲಿನಿಂದ ತಟ್ಟಿ ಉದುರಿಸದಿದ್ದರೆ ಸ್ಪೈಕ್ ಇಲ್ಲದ್ದಕ್ಕಿಂತ ಹೆಚ್ಚು ಜಾರುತ್ತದೆ.

ತಂಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಅತಿನೇರಳೆ ಕಿರಣದ ಶೇ. 80ರವರೆಗೂ ಹಿಂದಕ್ಕೆ ಚಿಮ್ಮಿಸುತ್ತದೆ. ಮೋಡ ಕವಿದ ದಿನವೂ ಕಣ್ಣು ಸುಡಬಹುದು, ಮರಳು ಬಿದ್ದಂಥ ಉರಿ ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ.

ಏರುಮುಖ:
ನನ್ನ ತಕರಾರು ನಿಮ್ಮ ನಾಲ್ಕು ದಿನದ ಲೆಕ್ಕಕ್ಕೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಸಾಂಕ್ರಿ ಊರೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಜಾಗ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಈ ಚಾರಣ ಶುರು. ದಾರಿಯಲ್ಲಿ ಮೊದಲು ತಂಗುವ ಜುಡಾ ಕಾ ತಾಲಾಬ್ ಕೆರೆ ಸುಮಾರು 2,770 ಮೀಟರ್, ತುದಿಗೆ ಹೊರಡುವ ಬೇಸ್ ಕ್ಯಾಂಪ್ 3,430, ತುದಿ 3,800. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಒಪ್ಪಿತ ಸೂತ್ರ. ತಾಲಾಬಿನಿಂದ ಬೇಸ್‌ಗೆ ಒಂದೇ ಹಗಲಲ್ಲಿ 660 ಮೀಟರ್ ಏರುತ್ತೀರಿ. ಒಂದು ದಿನ ಸೇರಿಸಿ ತಾಲಾಬಿನ ಬಳಿ ಎರಡು ರಾತ್ರಿ ಇರಿ. ಮಧ್ಯದ ಹಗಲು ಬೇಸ್ ದಿಕ್ಕಿಗೆ ಒಂದೆರಡು ಗಂಟೆ ಏರಿ, ಇಳಿದು ಬಂದು ಮಲಗಿ.

ಡೈಮಾಕ್ಸ್ ತೆಗೆದುಕೊಳ್ಳುವುದಾದರೆ ದೊಡ್ಡವರಿಗೆ ಸಾಮಾನ್ಯ ಪ್ರಮಾಣ 125 ಮಿ.ಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ವೈದ್ಯರನ್ನು ಕೇಳಿಯೇ ಶುರು ಮಾಡಿ. ಬೆರಳ ತುದಿ ಜುಮುಗುಡುವುದು, ಪದೇಪದೇ ಮೂತ್ರಕ್ಕೆ ಹೋಗುವುದು ಅದರ ಸ್ವಭಾವ. ಅದಕ್ಕೆ ಹೆದರಿ ನೀರು ಕಡಿಮೆ ಮಾಡಬೇಡಿ.

ತಲೆನೋವಿನ ಜೊತೆ ವಾಕರಿಕೆ, ಸುಸ್ತು, ಊಟ ಸೇರದಿರುವುದು ಬಂದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಕಾಲ್ಬೆರಳಿಗೆ ತಾಗುವಂತೆ ಅದರ ಮೇಲೆ ನಡೆಯಲು ಹೇಳಿ. ವಾಲಿದರೆ ಮೆದುಳಿಗೆ ನೀರು ಸೇರುತ್ತಿದೆ ಎಂದೇ ಲೆಕ್ಕ. ಸುಮ್ಮನೆ ಕೂತಾಗಲೂ ಏದುಸಿರಿದ್ದರೆ ಶ್ವಾಸಕೋಶಕ್ಕೆ. ಎರಡಕ್ಕೂ ಮದ್ದು ತಕ್ಷಣ ಇಳಿಯುವುದು, ರಾತ್ರಿ ಎರಡು ಗಂಟೆಯಾದರೂ ಸರಿ, ಜೊತೆಗೆ ಒಬ್ಬರಿದ್ದು. 'ಬೆಳಗಾಗಲಿ ನೋಡೋಣ' ಎಂದು ಕಾಯಬೇಡಿ.

ಸಣ್ಣಹೆಜ್ಜೆ:
ದಿನಾಂಕದ ಬಗ್ಗೆ: ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಅಲ್ಲಿ ಜನಜಂಗುಳಿ. ಕೊನೆಯ ಕಡಿದಾದ ಏರಿನಲ್ಲಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ, ಬೆಳಗಿನ ಜಾವದ ಗಾಳಿಗೆ ಅರ್ಧ ಗಂಟೆ ನಿಂತರೆ ಸಾಕು ಕಾಲು ಸೆಟೆದುಕೊಳ್ಳಲು. ರಜೆ ಸಿಗುವುದಾದರೆ ಜನವರಿ ಎರಡನೇ ವಾರದ ಮೇಲೆ ಹೋಗಿ, ಹಿಮವೂ ಚೆನ್ನಾಗಿರುತ್ತದೆ.

ಡೆಹ್ರಾಡೂನ್‌ನಿಂದ ಸಾಂಕ್ರಿ ಸುಮಾರು 200 ಕಿ.ಮೀ.; ಮಸೂರಿ, ನೌಗಾಂವ್, ಪುರೋಲಾ, ಮೋರಿ, ನೇಟ್ವಾರ್ ಮೇಲೆ ಎಂಟರಿಂದ ಹತ್ತು ಗಂಟೆ. ಬೆಳಗ್ಗೆ ಆರರೊಳಗೆ ಹೊರಡಿ. ನಗದನ್ನು ಡೆಹ್ರಾಡೂನ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ತುದಿ ಹತ್ತುವ ದಿನ ಬೆಳಗಿನ ಜಾವ ಮೂರು ಮೂರೂವರೆಗೆ ಹೊರಟು, ಹನ್ನೊಂದು ಗಂಟೆಗೆ ಎಲ್ಲಿದ್ದರೂ ತಿರುಗಬೇಕು. ಬಿಸಿಲೇರಿದಂತೆ ಹಿಮ ಕುಸಿದು ತೊಡೆವರೆಗೆ ಹೂತುಕೊಳ್ಳುತ್ತದೆ, ಮಧ್ಯಾಹ್ನ ಮೋಡವೂ ಮುಚ್ಚುತ್ತದೆ. ಗೆಳೆಯರ ಗುಂಪಿನಲ್ಲಿ 'ಇಷ್ಟು ದೂರ ಬಂದಿದ್ದೇವೆ' ಎಂಬ ಒತ್ತಾಯವೇ ದೊಡ್ಡ ಅಪಾಯ. ಆದ್ದರಿಂದ ಈ ಗಡುವನ್ನು ಬೆಂಗಳೂರಲ್ಲೇ ಐವರೂ ಒಪ್ಪಿಕೊಂಡು ಹೊರಡಿ. ನಿಧಾನ ನಡೆಯುವವರು ಮುಂದೆ ಇರಲಿ. ಒಬ್ಬರು ತಿರುಗಿದರೆ ಇನ್ನೊಬ್ಬರು ಜೊತೆಗೆ ಇಳಿಯಲೇಬೇಕು. ಐವರಿಗೆ ಇಬ್ಬರು ಸ್ಥಳೀಯ ಮಾರ್ಗದರ್ಶಿಗಳಿದ್ದರೆ ಉಳಿದವರೂ ಅತಂತ್ರರಾಗುವುದಿಲ್ಲ.

ಹಾದಿಹೋಕ:
ಎಲ್ಲರಿಗೂ ಧನ್ಯವಾದ. ಜನವರಿ 15ರ ಮೇಲಕ್ಕೆ ಬದಲಾಯಿಸುತ್ತಿದ್ದೇವೆ, ತಾಲಾಬಿನ ಹೆಚ್ಚುವರಿ ರಾತ್ರಿಯನ್ನೂ ಸೇರಿಸಿದ್ದೇವೆ. ಇನ್ನೆರಡು ಪ್ರಶ್ನೆ. ಒಬ್ಬನಿಗೆ ಸಲ್ಫಾ ಔಷಧಿಗಳ ಅಲರ್ಜಿ ಇದೆ, ಅವನು ಡೈಮಾಕ್ಸ್ ತಗೋಬಹುದಾ? ಮತ್ತೆ, ರಾತ್ರಿ ಟೆಂಟ್ ಬೆಚ್ಚಗಿಡಲು ಸಣ್ಣ ಗ್ಯಾಸ್ ಸ್ಟವ್ ಒಯ್ಯಬಹುದಾ?

ಏರುಮುಖ:
ಡೈಮಾಕ್ಸ್ ಸಲ್ಫೋನಮೈಡ್ ಗುಂಪಿನದು. ಅವರು ಅಲರ್ಜಿಯ ವಿವರ ಹೇಳಿ ವೈದ್ಯರ ಒಪ್ಪಿಗೆ ಪಡೆಯದೆ ಮುಟ್ಟುವುದು ಬೇಡ. ಹೆಚ್ಚುವರಿ ರಾತ್ರಿ ಅವರಿಗೇ ಎಲ್ಲರಿಗಿಂತ ಮುಖ್ಯ.

ಬೆಟ್ಟದ ಬುತ್ತಿ:
ಟೆಂಟ್ ಒಳಗೆ ಸ್ಟವ್ ಖಂಡಿತ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಮೇಲಿನ ಗಾಳಿಕಿಂಡಿಯನ್ನೂ ಮುಚ್ಚಬೇಡಿ, ಉಸಿರಿನ ತೇವ ಒಳಗೋಡೆಯಲ್ಲಿ ಹೆಪ್ಪುಗಟ್ಟಿ ಬೆಳಗ್ಗೆ ಮೈಮೇಲೆ ಉದುರುತ್ತದೆ.

ಶಾಖ ಹೆಚ್ಚು ಸೋರುವುದು ಕೆಳಗಿನಿಂದ. ಸ್ಲೀಪಿಂಗ್ ಬ್ಯಾಗಿನೊಳಗೆ ತುಂಬಿದ್ದು ನಿಮ್ಮ ಭಾರಕ್ಕೆ ಅಮುಕಿಹೋಗುವುದರಿಂದ ಅಡಿಯಲ್ಲಿ ಎರಡು ಫೋಮ್ ಮ್ಯಾಟ್ ಹಾಸಿ. ಬ್ಯಾಗಿನ ಚೀಟಿಯಲ್ಲಿ 'ಕಂಫರ್ಟ್' ಅಂಕಿಯನ್ನು ನೋಡಿ, ಅದು ಮೈನಸ್ 10 ಇರಲಿ. 'ಎಕ್ಸ್‌ಟ್ರೀಮ್' ಅಂಕಿ ಜೀವ ಉಳಿಯುವ ಮಟ್ಟದ್ದು, ನಿದ್ದೆಯದಲ್ಲ. ಮಲಗುವ ಮುಂಚೆ ಒಂದು ಲೀಟರ್ ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ಹಾಕಿ ಪಾದದ ಬಳಿ ಇಡಿ. ಬೆಳಗ್ಗೆ ಅದೇ ಕುಡಿಯುವ ನೀರು. ನಡೆಯುವಾಗ ಬಾಟಲಿಯನ್ನು ತಲೆಕೆಳಗೆ ಇಟ್ಟುಕೊಳ್ಳಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಪೈಪಿನ ನೀರಿನ ಚೀಲ ತರಬೇಡಿ, ಪೈಪು ಮೊದಲು ಕಟ್ಟಿಕೊಳ್ಳುತ್ತದೆ. ಶೂ ಲೇಸ್ ಪೂರ್ತಿ ಸಡಿಲಿಸಿ, ಬಾಯಿ ಅಗಲಿಸಿ, ಕವರ್‌ನಲ್ಲಿ ಸುತ್ತಿ ಟೆಂಟ್ ಒಳಗೇ ಇಟ್ಟುಕೊಳ್ಳಿ. ಹೊರಗೆ ಬಿಟ್ಟ ಒದ್ದೆ ಶೂ ಬೆಳಗಿನ ಮೂರಕ್ಕೆ ಕಲ್ಲಿನಂತಾಗಿರುತ್ತದೆ, ಕಾಲು ತೂರುವುದಿಲ್ಲ.