ಲಾರ್ಡೇಶಿಯಸ್ ಅಂದರೆ ಲಿವರ್‌ನಲ್ಲಿ ಕೊಬ್ಬು ಅಂತಲಾ? ಪೆಥಾಲಜಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್, ಹಾಸನ: ಇವತ್ತು ಸಂಜೆ ನಮ್ಮ ಗುಂಪಿನ ಪೆಥಾಲಜಿ ಡಾಕ್ಟರ್ ಮೇಡಂ ಉತ್ತರ ಕೊಡುತ್ತಾರೆ. ರಿಪೋರ್ಟ್‌ನಲ್ಲಿ ಅರ್ಥವಾಗದ ಪದ ಇದ್ದರೆ ಕೇಳಿ. ರೋಗಿಯ ಹೆಸರು, ಫೋನ್ ನಂಬರ್ ಹಾಕಬೇಡಿ. ಫಾರ್ವರ್ಡ್ ಬೇಡ.

ಅರಸೀಕೆರೆ ಸದಸ್ಯ: ನಮಸ್ಕಾರ ಮೇಡಂ. ನಮ್ಮಪ್ಪನಿಗೆ 61 ವರ್ಷ. ಹೋದ ತಿಂಗಳು ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯ್ತು. ಆಗ ಲಿವರ್ ದಪ್ಪ ಕಂಡಿತು ಅಂತ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಆಪರೇಷನ್ ನೋಟ್‌ನಲ್ಲಿ ‘ಲಾರ್ಡೇಶಿಯಸ್, ವ್ಯಾಕ್ಸಿ ಲಿವರ್’ ಅಂತ ಬರೆದಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ಲಾರ್ಡ್ ಅಂದರೆ ಹಂದಿ ಕೊಬ್ಬು ಅಂತ ಬಂತು. ಅದಕ್ಕೆ ತುಪ್ಪ, ಮೊಟ್ಟೆ, ಮಾಂಸ ಎಲ್ಲ ನಿಲ್ಲಿಸಿದ್ದೇವೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ. ಆದರೂ ಕಾಲು ಊದಿಕೊಂಡಿದೆ, ಮೈ ಇಳಿದುಹೋಗಿದೆ. ಕೊಬ್ಬು ಕರಗಲು ಇನ್ನೆಷ್ಟು ದಿನ ಬೇಕು?

ಹೊಳೆನರಸೀಪುರ ಸದಸ್ಯೆ: ಮೇಡಂ ನನಗೆ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಬಂದಿದೆ. ಏನು ಮಾಡಬೇಕು?

ಡಾಕ್ಟರ್: ಹೊಳೆನರಸೀಪುರದವರೇ, ಹೆದರಬೇಡಿ. ತೂಕ ಇಳಿಸಿ, ದಿನಾ ನಡೆಯಿರಿ, ಸಕ್ಕರೆ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ.
ಅರಸೀಕೆರೆಯವರೇ, ನೀವು ಸ್ವಲ್ಪ ಇಲ್ಲೇ ಇರಿ. ಮೂರು ವಿಷಯ ಹೇಳಿ. ಅಪ್ಪನಿಗೆ ಮೂತ್ರದಲ್ಲಿ ನೊರೆ ಬರುತ್ತಿದೆಯಾ? ಹಿಂದೆ ಟಿಬಿ, ಕುಷ್ಠ, ಕೀಲುವಾತ, ಅಥವಾ ವರ್ಷಗಟ್ಟಲೆ ವಾಸಿಯಾಗದ ಗಾಯ ಏನಾದರೂ ಇತ್ತಾ? ಬಯಾಪ್ಸಿ ರಿಪೋರ್ಟ್‌ನ ಕೊನೆಯ ಸಾಲಿನಲ್ಲಿ ಏನಿದೆ?

ಅರಸೀಕೆರೆ ಸದಸ್ಯ: ನೊರೆ ಬರುತ್ತೆ ಮೇಡಂ, ಸೋಪಿನ ನೀರಿನ ಥರ. ಹದಿನಾಲ್ಕು ವರ್ಷದ ಹಿಂದೆ ತೋಟದಲ್ಲಿ ಟ್ರ್ಯಾಕ್ಟರ್ ಮಗುಚಿ ಕಾಲು ಮುರಿದಿತ್ತು, ರಾಡ್ ಹಾಕಿದ್ದರು. ಆಗಿನಿಂದ ಮೊಣಕಾಲ ಕೆಳಗೆ ಒಂದು ತೂತು ಇದೆ, ಕೀವು ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ಅದು ನಮಗೆ ಅಭ್ಯಾಸವೇ ಆಗಿಹೋಗಿದೆ. ರಿಪೋರ್ಟ್ ಕೊನೆಯಲ್ಲಿ ‘ಕಾಂಗೋ ರೆಡ್ ಸ್ಟೇನ್ ಅಡ್ವೈಸ್ಡ್’ ಅಂತ ಇದೆ. ಅದು ಔಷಧಿ ಹೆಸರು ಅಂದುಕೊಂಡು ಮೆಡಿಕಲ್ ಶಾಪಿನಲ್ಲಿ ಕೇಳಿದೆವು, ಇಲ್ಲ ಅಂದರು.

ಕಡೂರು ಸದಸ್ಯ: ಲಿವರ್ ಕೊಬ್ಬಿಗೆ ಇದನ್ನು ಮಾಡಿ, ನೂರಕ್ಕೆ ನೂರು ಗ್ಯಾರಂಟಿ. ರಾತ್ರಿ ಅರ್ಧ ಲೋಟ ಆಲಿವ್ ಎಣ್ಣೆ, ಅರ್ಧ ಲೋಟ ನಿಂಬೆರಸ ಕುಡಿದು ಮಲಗಿ. ಬೆಳಿಗ್ಗೆ ಮೇಣದಂತಹ ಹಸಿರು ಉಂಡೆಗಳು ಮಲದಲ್ಲಿ ಬೀಳುತ್ತವೆ. ನನಗೇ ಬಿದ್ದಿವೆ, ಫೋಟೋ ಇದೆ.

ಡಾಕ್ಟರ್: ಫೋಟೋ ಬೇಡ. ಆ ಉಂಡೆ ಲಿವರ್‌ನಿಂದ ಬಂದದ್ದಲ್ಲ. ನೀವು ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸೋಪಾಗಿ ಉಂಡೆ ಕಟ್ಟಿದ್ದು. ಇಂಥ ಉಂಡೆಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಪಿತ್ತಕೋಶದ ಕಲ್ಲಿನಲ್ಲಿ ಸಿಗುವ ಕೊಲೆಸ್ಟ್ರಾಲ್ ಅದರಲ್ಲಿ ಇರಲಿಲ್ಲ, ಪಿತ್ತದ ಬಣ್ಣವಾದ ಬಿಲಿರುಬಿನ್ ಇರಲಿಲ್ಲ, ಕ್ಯಾಲ್ಸಿಯಂ ಇರಲಿಲ್ಲ. ಇದನ್ನು ಇನ್ನೊಬ್ಬರಿಗೆ ಹೇಳಬೇಡಿ.

ಅರಸೀಕೆರೆಯವರೇ, ಈಗ ನಿಮ್ಮ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಲಾರ್ಡೇಶಿಯಸ್ ಅನ್ನುವುದು ಕಣ್ಣಿಗೆ ಕಂಡದ್ದನ್ನು ಹೇಳುವ ಪದ. ಒಳಗೆ ಏನಿದೆ ಅಂತ ಹೇಳುವ ಪದ ಅಲ್ಲ. 19ನೇ ಶತಮಾನದಲ್ಲಿ ವಿಯೆನ್ನಾದ ರೊಕಿಟಾನ್ಸ್ಕಿಯಂಥ ವೈದ್ಯರು ಸತ್ತವರ ದೇಹ ಕೊಯ್ದು ನೋಡುವಾಗ ಕೆಲವರ ಲಿವರ್ ದೊಡ್ಡದಾಗಿ, ಬಿಳಿಚಿಕೊಂಡು, ಗಟ್ಟಿಯಾಗಿ, ಕೊಯ್ದ ಜಾಗ ಹೊಳೆಯುತ್ತಾ ಇರುತ್ತಿತ್ತು. ಹಂದಿಯ ನೆಣ ಕೊಯ್ದ ಹಾಗೆ ಕಂಡವರು ಲಾರ್ಡೇಶಿಯಸ್ ಅಂದರು, ಮೇಣದ ಹಾಗೆ ಕಂಡವರು ವ್ಯಾಕ್ಸಿ ಅಂದರು. 1854ರಲ್ಲಿ ಜರ್ಮನಿಯ ವೈದ್ಯ ವಿರ್ಕೋ ಅದರ ಮೇಲೆ ಅಯೋಡಿನ್ ಹಾಕಿ ನೋಡಿದರು. ಬಣ್ಣ ತಿರುಗಿದ್ದು ಪಿಷ್ಟದ ಹಾಗೆ ಕಂಡಿತು. ಅದಕ್ಕೆ ಅಮಿಲಾಯ್ಡ್, ಅಂದರೆ ಪಿಷ್ಟದಂಥದ್ದು, ಅಂದರು. 1859ರಲ್ಲಿ ವೈದ್ಯ ಫ್ರೀಡ್ರೈಖ್ ಮತ್ತು ರಸಾಯನ ವಿಜ್ಞಾನಿ ಕೆಕುಲೆ ಪರೀಕ್ಷೆ ಮಾಡಿದಾಗ ಅದು ಪಿಷ್ಟವೂ ಅಲ್ಲ, ಕೊಬ್ಬೂ ಅಲ್ಲ, ಪ್ರೋಟೀನು ಅಂತ ಗೊತ್ತಾಯಿತು. ಅಷ್ಟು ಹಳೆಯ ತಪ್ಪು ಹೆಸರುಗಳನ್ನು ನಾವು ಇವತ್ತಿಗೂ ಬರೆಯುತ್ತಿದ್ದೇವೆ. ಗುಲ್ಮದಲ್ಲೂ, ಅಂದರೆ ಸ್ಪ್ಲೀನ್‌ನಲ್ಲೂ, ಹಾಗೇ. ಬಿಳಿ ಚುಕ್ಕಿ ಚುಕ್ಕಿಯಾಗಿ ಕಂಡರೆ ಸಬ್ಬಕ್ಕಿ ಗುಲ್ಮ ಅನ್ನುತ್ತೇವೆ, ಇಡೀ ಗುಲ್ಮಕ್ಕೆ ಹರಡಿದ್ದರೆ ಲಾರ್ಡೇಶಿಯಸ್ ಗುಲ್ಮ ಅನ್ನುತ್ತೇವೆ. ಎರಡರಲ್ಲೂ ಇರುವುದು ಪ್ರೋಟೀನೇ.

ಹಾಗಾಗಿ ನಿಮ್ಮಪ್ಪನ ಲಿವರ್‌ನಲ್ಲಿ ಇರುವುದು ತುಪ್ಪ ತಿಂದ ಕೊಬ್ಬಲ್ಲ, ಅಮಿಲಾಯ್ಡ್ ಇರಬಹುದು ಅನ್ನುವುದು ನನ್ನ ಅನುಮಾನ. ಮೂಳೆಯಲ್ಲಿ ವರ್ಷಗಟ್ಟಲೆ ಕೀವಿದ್ದರೆ ಲಿವರ್ ಒಂದು ಬಗೆಯ ಪ್ರೋಟೀನನ್ನು ಜಾಸ್ತಿ ಮಾಡುತ್ತಲೇ ಇರುತ್ತದೆ. ಅದು ಕರಗದ ಎಳೆಗಳಾಗಿ ಕಿಡ್ನಿ, ಲಿವರ್, ಗುಲ್ಮದಲ್ಲಿ ಕೂರುತ್ತದೆ. ಕಿಡ್ನಿಯ ಜರಡಿ ಹಾಳಾದರೆ ರಕ್ತದ ಪ್ರೋಟೀನ್ ಮೂತ್ರದಲ್ಲಿ ಸೋರುತ್ತದೆ. ಆಗ ನೊರೆ ಬರುತ್ತದೆ, ಕಾಲು ಊದುತ್ತದೆ. ನೀವು ಹೇಳಿದ ಕಾಲಿನ ತೂತು, ನೊರೆ, ಊತ, ಲಿವರ್, ನಾಲ್ಕೂ ಒಂದೇ ದಾರದಲ್ಲಿ ಪೋಣಿಸಿದ ಹಾಗಿವೆ. ಹದಿನಾಲ್ಕು ವರ್ಷದ ಕೀವು ಅಭ್ಯಾಸವಾಗಿಹೋಗಿದೆ ಅಂದಿರಲ್ಲ, ನನಗೆ ಸಂಕಟ ಆದದ್ದು ಅದನ್ನು ಓದಿ.

ಕಾಂಗೋ ರೆಡ್ ಔಷಧಿ ಅಲ್ಲ, ಚೂರಿಗೆ ಹಾಕುವ ಬಣ್ಣ. ಅಮಿಲಾಯ್ಡ್ ಇದ್ದರೆ ಪೋಲರೈಸ್ಡ್ ಬೆಳಕಿನಲ್ಲಿ ಹಸಿರು ಸೇಬಿನ ಬಣ್ಣ ಹೊಳೆಯುತ್ತದೆ. ಮತ್ತೆ ಚುಚ್ಚಬೇಕಾಗಿಲ್ಲ. ನಿಮ್ಮಪ್ಪನ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ರಿಪೋರ್ಟ್ ನಂಬರ್ ಕೊಟ್ಟು ಆ ಬ್ಲಾಕ್ ಕೇಳಿ ಪಡೆಯಿರಿ. ಕಾಂಗೋ ರೆಡ್ ಆದ ಮೇಲೆ ಯಾವ ಜಾತಿಯ ಅಮಿಲಾಯ್ಡ್ ಅಂತಲೂ ಹೇಳಿಸಬೇಕು. ಕೀವಿನಿಂದ ಬಂದಿದ್ದರೆ ಕೀವಿನ ಮೂಲ ತೆಗೆಯುವುದೇ ಚಿಕಿತ್ಸೆ. ಮೂಳೆ ಮಜ್ಜೆಯ ಕಾಯಿಲೆಯಿಂದ ಬಂದಿದ್ದರೆ ಚಿಕಿತ್ಸೆ ಪೂರ್ತಿ ಬೇರೆ, ಅಲ್ಲಿ ತಡ ಮಾಡುವ ಹಾಗೇ ಇಲ್ಲ. ಈ ವಾರದಲ್ಲೇ ಕಿಡ್ನಿ ಡಾಕ್ಟರಿಗೆ ತೋರಿಸಿ. ಮೂತ್ರದ ಪ್ರೋಟೀನ್, ರಕ್ತದ ಪ್ರೋಟೀನಾದ ಅಲ್ಬುಮಿನ್, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಹೃದಯದ ಎಕೋ ಮಾಡಿಸಿ. ಕಾಲು ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ, ಕಿಡ್ನಿಗೆ ಹೊಡೆತ.

ಕಷಾಯ ಇವತ್ತೇ ನಿಲ್ಲಿಸಿ. ಅಮೃತಬಳ್ಳಿ ಕುಡಿದು ಲಿವರ್‌ಗೆ ಏಟು ಬಿದ್ದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮೊಟ್ಟೆ ನಿಲ್ಲಿಸಿದ್ದೂ ಸರಿಯಲ್ಲ. ಪ್ರೋಟೀನ್ ಸೋರಿಹೋಗುತ್ತಿರುವ ಮನುಷ್ಯನಿಗೆ ಊಟ ಕಟ್ಟಿಹಾಕಿದ್ದೀರಿ. ಎಷ್ಟು ಕೊಡಬೇಕು ಅಂತ ಕಿಡ್ನಿ ಡಾಕ್ಟರ್ ಹೇಳುತ್ತಾರೆ.

ಚನ್ನರಾಯಪಟ್ಟಣ ಸದಸ್ಯ: ನನಗೂ ಫ್ಯಾಟಿ ಲಿವರ್ ಗ್ರೇಡ್ 1 ಮೇಡಂ.

ಡಾಕ್ಟರ್: ಮೇಲೆ ಹೇಳಿದ್ದೇನೆ.

ಬೇಲೂರು ಮೇಷ್ಟ್ರು: ಮೇಡಂ, ನೆಣ ಅಂದಿರಿ, ಕಿವಿಗೆ ಹಿತವಾಯಿತು. ಎಷ್ಟು ಒಳ್ಳೆಯ ಕನ್ನಡ ಪದ! ಲಾರ್ಡೇಶಿಯಸ್‌ಗೆ ‘ನೆಣದಂತಹ’ ಅಂತಲೇ ಬರೆಯಬಹುದಲ್ವಾ?

ಡಾಕ್ಟರ್: ಬರೆಯಬಹುದು ಮೇಷ್ಟ್ರೇ. ನಮ್ಮ ಓದಿನಲ್ಲಿ ಅಡುಗೆಮನೆ ಪದಗಳು ಬಹಳ ಇವೆ. ಟಿಬಿ ಗಂಟಿನೊಳಗಿನದನ್ನು ಚೀಸ್‌ಗೆ ಹೋಲಿಸುತ್ತಾರೆ, ನಾನು ಹಳ್ಳಿಯವರಿಗೆ ಗಿಣ್ಣಿನ ಹಾಗೆ ಅನ್ನುತ್ತೇನೆ, ತಕ್ಷಣ ತಿಳಿಯುತ್ತದೆ. ಹೃದಯ ಸೋತಾಗ ರಕ್ತ ಕಟ್ಟಿದ ಲಿವರ್ ಕೊಯ್ದರೆ ಜಾಯಿಕಾಯಿ ಕೊಯ್ದ ಹಾಗೇ ಕಾಣುತ್ತದೆ.

ಚಿಕ್ಕಮಗಳೂರು ಸದಸ್ಯ: ಮೇಣದಂತಹ ಅಂದರೆ ಸಾಕು. ಹಂದಿ ವಿಷಯ ಯಾಕೆ? ಮನೆಯಲ್ಲಿ ಎಲ್ಲರೂ ಈ ಗುಂಪು ನೋಡುತ್ತಾರೆ.

ಸಕಲೇಶಪುರ ಸದಸ್ಯ: ಹಂದಿ ಅಂದರೆ ಏನಣ್ಣ ತಪ್ಪು? ನಮ್ಮ ಮನೆಯಲ್ಲಿ ಮಾಡುತ್ತೇವೆ. ಚಳಿಗಾಲದ ಬೆಳಿಗ್ಗೆ ಪಾತ್ರೆಯಲ್ಲಿ ನೆಣ ಬೆಳ್ಳಗೆ ಹೆಪ್ಪುಗಟ್ಟಿರುತ್ತೆ. ಮೇಡಂ ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿತು.

ಚಿಕ್ಕಮಗಳೂರು ಸದಸ್ಯ: ನಿಮ್ಮ ಮನೆ ಅಡುಗೆ ನಿಮಗೆ ಇರಲಿ, ಇಲ್ಲಿ ಬಡಿಸಬೇಡಿ.

ಸಕಲೇಶಪುರ ಸದಸ್ಯ: ಯಾರು ಬಡಿಸಿದರು? ಪದದ ಅರ್ಥ ಹೇಳಿದೆ. ಅದಕ್ಕೂ ನಿಮ್ಮ ಪರ್ಮಿಷನ್ ಬೇಕಾ?

ಬೇಲೂರು ಮೇಷ್ಟ್ರು: ನೆಣ ಅಂದರೆ ಯಾವ ಪ್ರಾಣಿಯದೂ ಆಗಬಹುದು. ಹಳೆಗನ್ನಡದಲ್ಲೂ ಈ ಪದ ಇದೆ. ಜಗಳ ಯಾಕೆ?

ಕಡೂರು ಸದಸ್ಯ: ಪದ ಬಿಡಿ. ನಮ್ಮ ಎಮ್ಮೆ ಲಿವರ್ ಊದಿದೆ ಅಂತ ಪಶು ವೈದ್ಯರು ಹೇಳಿದರು. ಅದಕ್ಕೂ ಇದೇನಾ?

ಮೂಡಿಗೆರೆ ಸದಸ್ಯೆ: ನನ್ನ ಕಣ್ಣಿನ ರೆಪ್ಪೆ ಮೇಲೆ ಮೂಗಿನ ಕಡೆ ಹಳದಿ ಮೇಣ ಅಂಟಿಸಿದ ಹಾಗೆ ಎರಡು ಮಚ್ಚೆ ಬಂದಿವೆ. ಬೆಳ್ಳುಳ್ಳಿ ರಸ ಹಚ್ಚಿದರೆ ಉದುರುತ್ತೆ ಅಂತ ಅಕ್ಕನ ಗುಂಪಿನಲ್ಲಿ ಬಂದಿತ್ತು. ಮೂರು ದಿನದಿಂದ ಹಚ್ಚುತ್ತಿದ್ದೇನೆ, ಉರಿ.

ಡಾಕ್ಟರ್: ಅಯ್ಯೋ, ಈಗಲೇ ತೊಳೆಯಿರಿ! ಬೆಳ್ಳುಳ್ಳಿ ಚರ್ಮ ಸುಡುತ್ತದೆ. ಅದು ರೆಪ್ಪೆ, ಕೆಳಗೆ ಕಣ್ಣಿದೆ. ಕಣ್ಣು ಕೆಂಪಾಗಿದ್ದರೆ, ಮಂಜಾಗಿದ್ದರೆ ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಈ ಮಚ್ಚೆಗೆ ಕ್ಸಾಂಥೆಲಾಸ್ಮಾ ಅನ್ನುತ್ತಾರೆ. ಇಲ್ಲಿ ನಿಜವಾಗಿಯೂ ಇರುವುದು ಕೊಬ್ಬೇ, ಕೊಲೆಸ್ಟ್ರಾಲ್ ತುಂಬಿದ ಜೀವಕೋಶಗಳು. ಮಚ್ಚೆಯಿಂದ ಅಪಾಯ ಇಲ್ಲ. ಆದರೆ ಇದು ಬಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತದ ಕೊಬ್ಬು ಏರುಪೇರಾಗಿರುತ್ತದೆ, ಲಿಪಿಡ್ ಪ್ರೊಫೈಲ್ ಮಾಡಿಸಿ. ಯಾರು ಕಳಿಸಿದರೋ ಅವರಿಗೂ ಹೇಳಿ, ಇನ್ನೊಬ್ಬರ ಕಣ್ಣು ಹಾಳಾಗಬಾರದು.

ಆಲೂರು ಸದಸ್ಯ: ಮೂತ್ರದ ರಿಪೋರ್ಟ್‌ನಲ್ಲಿ ‘ವ್ಯಾಕ್ಸಿ ಕಾಸ್ಟ್ಸ್’ ಇದೆ ಮೇಡಂ. ಅದೂ ಅಮಿಲಾಯ್ಡಾ?

ಡಾಕ್ಟರ್: ಅಲ್ಲ. ಇಲ್ಲಿ ಮೇಣ ಅನ್ನುವುದು ಕಿಡ್ನಿಯ ಕೊಳವೆಯೊಳಗೆ ಬಹಳ ಕಾಲ ನಿಂತು ಗಟ್ಟಿಯಾದ ಅಚ್ಚಿನ ನೋಟಕ್ಕೆ. ಕಿಡ್ನಿ ಕಾಯಿಲೆ ಹಳೆಯದು ಅನ್ನುವ ಸೂಚನೆ. ಕ್ರಿಯಾಟಿನಿನ್ ಮಾಡಿಸಿ, ಬಿಡಬೇಡಿ.

ಹೊಳೆನರಸೀಪುರ ಸದಸ್ಯೆ: ಗ್ರೇಡ್ 1ಕ್ಕೆ ನಿಂಬೆ ನೀರು ಕುಡಿಯಬಹುದಾ ಮೇಡಂ?

ಡಾಕ್ಟರ್: ಕುಡಿಯಿರಿ. ಲಿವರ್‌ಗೆ ಅದರಿಂದ ಏನೂ ಆಗುವುದಿಲ್ಲ. ನಡೆಯಿರಿ.

ಚಿಕ್ಕಮಗಳೂರು ಸದಸ್ಯ: ಅಡ್ಮಿನ್ ಅವರೇ, ಸಕಲೇಶಪುರದವರು ಕ್ಷಮೆ ಕೇಳಬೇಕು.

ಸಕಲೇಶಪುರ ಸದಸ್ಯ: ಯಾವುದಕ್ಕೆ? ನೆಣಕ್ಕಾ?

ಬೇಲೂರು ಮೇಷ್ಟ್ರು: ಇಬ್ಬರೂ ಸುಮ್ನಿರಿ. ಈ ಪದ ತೆಗೆದ ನನ್ನದೇ ತಪ್ಪು.

ಅರಸೀಕೆರೆ ಸದಸ್ಯ: ಅಣ್ಣಂದಿರೇ, ನಮ್ಮಪ್ಪನ ರಿಪೋರ್ಟ್ ವಿಷಯ ಇದು. ನೀವು ಹಂದಿ, ಮೇಣ ಅಂತ ಕಿತ್ತಾಡುತ್ತಿದ್ದೀರಿ. ನಮ್ಮಮ್ಮ ಪಕ್ಕದಲ್ಲಿ ಕೂತು ಓದುತ್ತಿದ್ದಾರೆ.

ಡಾಕ್ಟರ್: ಅವರು ಹೇಳಿದ್ದು ಸರಿ. ಚಿಕ್ಕಮಗಳೂರು, ಸಕಲೇಶಪುರ ಇಬ್ಬರೂ ನಿಲ್ಲಿಸಿ. ನಾನು ಡ್ಯೂಟಿ ಮುಗಿಸಿ ಊಟ ಬಿಟ್ಟು ಕೂತಿದ್ದೇನೆ.

ಕಡೂರು ಸದಸ್ಯ: ಹಾಗಾದರೆ ಆಲಿವ್ ಎಣ್ಣೆ ಬದಲು ಹರಳೆಣ್ಣೆ

ಡಾಕ್ಟರ್: ಬೇಡ. ಯಾವ ಎಣ್ಣೆಯೂ ಬೇಡ.

ಅಡ್ಮಿನ್, ಹಾಸನ: ಕಡೂರಿನವರು ಇನ್ನೊಂದು ಮನೆಮದ್ದು ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.

ಅರಸೀಕೆರೆ ಸದಸ್ಯ: ಮೇಡಂ, ಲ್ಯಾಬಿಗೆ ಫೋನ್ ಮಾಡಿದೆ. ಬ್ಲಾಕ್ ಇದೆಯಂತೆ, ನಾಳೆ ಹತ್ತು ಗಂಟೆಗೆ ಬಂದು ಸಹಿ ಹಾಕಿ ತಗೊಳ್ಳಿ ಅಂದರು. ಕಿಡ್ನಿ ಡಾಕ್ಟರ್ ಬುಧವಾರ ಸಿಗುತ್ತಾರೆ. ಕಷಾಯ ಚೆಲ್ಲಿದ್ದೇವೆ. ಅಮ್ಮ ಈಗ ಮೊಟ್ಟೆ ಬೇಯಿಸುತ್ತಿದ್ದಾರೆ, ಒಂದು ಕೊಡಬಹುದಾ?

ಡಾಕ್ಟರ್: ಒಂದು ಕೊಡಿ. ಉಪ್ಪು ಕಡಿಮೆ ಮಾಡಿ. ಬುಧವಾರ ಹೋಗುವಾಗ ಆ ಕಾಲಿನ ಹಳೆಯ ಎಕ್ಸ್‌ರೇ ಎಲ್ಲ ತಗೊಂಡು ಹೋಗಿ, ಕೀವಿನ ವಿಷಯ ನೀವಾಗಿಯೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ನಡುವೆ ಮೂತ್ರ ಕಡಿಮೆಯಾದರೆ ಅಥವಾ ಉಸಿರು ಕಟ್ಟಿದರೆ ಬುಧವಾರದವರೆಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನೊಂದು, ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಅದು ಮೇಣ, ಕರಗುತ್ತದೆ.